ಜ್ವರದ ಡಾಕ್ಟರಿಗೂ ಹೊಲದ ತಪಾಸಣೆ ಬೇಕು

ಅಮರಾವತಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಒಮ್ಮೆ ವಾಸ್ಕೋ ತನಕ ಕೂತು ಹೋದವರಿಗೆ ನಮ್ಮ ಗಡಿ ಸೀಮೆಯ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ. ಗುಂತಕಲ್ಲಿನಲ್ಲಿ ತೆಲುಗು ಮಾತಾಡುತ್ತ ಹತ್ತಿದವರು, ಬಳ್ಳಾರಿಯಲ್ಲಿ ಎರಡೂ ಮಾತಾಡುತ್ತ ಹತ್ತಿದವರು, ಕೊಪ್ಪಳ-ಗದಗಿನಲ್ಲಿ ಕನ್ನಡ ಮಾತಾಡುತ್ತ ಹತ್ತಿದವರು, ಎಲ್ಲರೂ ಲೋಂಡಾ ದಾಟಿ ಘಟ್ಟ ಇಳಿಯುವ ಹೊತ್ತಿಗೆ ಒಂದೇ ಆಗಿರುತ್ತಾರೆ. ಕೂಲಿಯವರು. ಗೋವಾದ ಕಟ್ಟಡಗಳ ಸಿಮೆಂಟಿನಲ್ಲಿ ನಮ್ಮ ಸೀಮೆಯ ಬೆವರು ಎಷ್ಟು ಬೆರೆತಿದೆ ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ. ಅಲ್ಲಿಂದ ಬರುವಾಗ ಸಂಬಳದ ಜೊತೆ ಏನೇನು ಹೊತ್ತು ತರುತ್ತೇವೆ ಎಂಬುದಕ್ಕಂತೂ ಇಲ್ಲವೇ ಇಲ್ಲ.

ಹಿಂಗಾರು ಕೈಕೊಟ್ಟ ಒಂದು ವರ್ಷ ನಮ್ಮೂರಿನ ಹುಡುಗನೊಬ್ಬ ದಸರಾ ಮುಗಿಸಿಕೊಂಡು ಗೋವಾಕ್ಕೆ ಹೋದ. ದೀಪಾವಳಿಗೆ ವಾಪಸ್ ಬಂದವನು ಹಬ್ಬಕ್ಕೆ ಬಂದಿರಲಿಲ್ಲ, ಜ್ವರ ಹೊತ್ತು ಬಂದಿದ್ದ. ತಲೆ ಸಿಡಿಯುವ ನೋವು, ಮೈಕೈ ಬಡಿದು ಹಾಕಿದಂಗೆ. ನಮ್ಮ ಕಡೆ ಪದ್ಧತಿ ಗೊತ್ತಲ್ಲ, ಮೊದಲು ಊರಿನ ಆರ್‌ಎಂಪಿ. ಅವನು ಎರಡು ಇಂಜೆಕ್ಷನ್ ಚುಚ್ಚಿದ. ಇಳೀಲಿಲ್ಲ. ಆಮೇಲೆ ತಾಲ್ಲೂಕಿನ ಒಂದು ನರ್ಸಿಂಗ್ ಹೋಂ. ಅಲ್ಲಿ ಟೈಫಾಯ್ಡ್ ಅಂದರು. ಇನ್ನೊಂದು ಕಡೆ ಡೆಂಗೆ ಅಂದರು. ಐದು ದಿನ ದುಬಾರಿ ಬಾಟಲಿ ಏರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಂಗಾಯಿತು. ಒಂಬತ್ತನೇ ದಿನ ಹುಡುಗನ ಕಣ್ಣು ಹಳದಿಯಾಗಿ ಉಸಿರು ಮೇಲೆ ಮೇಲೆ ಬರತೊಡಗಿದಾಗ ಅವರಪ್ಪ ನನ್ನ ಬಾಗಿಲಿಗೆ ಬಂದು, "ಅಣ್ಣಾ, ನಾಲ್ಕು ಅಕ್ಷರ ಗೊತ್ತಿದ್ದವನು ನೀನೊಬ್ಬ ಜೊತೆಗೆ ಬಾ" ಅಂದ. ಜಿಲ್ಲಾ ಆಸ್ಪತ್ರೆಗೆ ಒಯ್ದೆವು.

ಅಲ್ಲಿ ಒಬ್ಬ ಎಳೆ ಡಾಕ್ಟರು. ರಿಪೋರ್ಟುಗಳ ಕಟ್ಟನ್ನು ಬದಿಗಿಟ್ಟು, ಹುಡುಗ ತೆಲುಗಿನಲ್ಲಿ ನರಳುವುದನ್ನು ಕೇಳಿ ತಾವೂ ತೆಲುಗಿನಲ್ಲೇ ಕೇಳಿದರು: "ಎಕ್ಕಡ ಪನಿ ಚೇಸ್ತಾಂಡಾವಪ್ಪಾ?" ಹುಡುಗ ಅಂದ: ಗೋವಾದಾಗ, ಗುಡ್ಡದ ಮೇಲೆ ಕಂಟಿ ಕಡಿದು ಸೈಟು ಸಾಫು ಮಾಡೋ ಕೆಲಸ. ಡಾಕ್ಟರು ಅಂಗಿ ಬಿಚ್ಚಿಸಿದರು. ಕಂಕುಳು ನೋಡಿದರು, ತೊಡೆಸಂದು ನೋಡಿದರು. ಉಡಿದಾರದ ಕೆಳಗೆ ಬೀಡಿ ತಗುಲಿ ಸುಟ್ಟಂಥ ಒಂದು ಕರಿ ಹಕ್ಕಳೆ ಸಿಕ್ಕಿತು. ಅದನ್ನು ಅಷ್ಟು ದಿನದಲ್ಲಿ ಯಾರೂ ನೋಡಿರಲಿಲ್ಲ. ಯಾಕಂದರೆ ಯಾರೂ ಅಂಗಿ ಬಿಚ್ಚಿಸಿರಲಿಲ್ಲ.

ಸ್ಕ್ರಬ್ ಟೈಫಸ್ ಎಂದರು. ಮೆಣಸಿನ ಗಿಡಕ್ಕೆ ಮುಟುರು ಹಾಕಿಸುವ ನುಸಿ ನಮ್ಮ ರೈತರಿಗೆ ಗೊತ್ತು. ಅದೇ ಕುಲದ ಇನ್ನೊಂದು ನುಸಿ ಪೊದೆ-ಕಂಟಿಯಲ್ಲಿ ಇರುತ್ತದೆ. ಅದರ ಮರಿ ಕಚ್ಚಿದರೆ ಬರುವ ಜ್ವರ ಇದು. ಮೊದಲು ಏರಿಸಿದ ದುಬಾರಿ ಔಷಧಿ ಈ ರೋಗಕ್ಕೆ ನಾಟುವುದೇ ಇಲ್ಲವಂತೆ. ನಾಟುವುದು ಡಾಕ್ಸಿಸೈಕ್ಲಿನ್ ಎಂಬ ಹಳೇ ಅಗ್ಗದ ಗುಳಿಗೆ. ಎರಡು ದಿನಕ್ಕೆ ಜ್ವರ ಇಳಿಯಿತು, ಹುಡುಗ ಉಳಿದ. ಗುಳಿಗೆಗೆ ನೂರು ರೂಪಾಯಿಯೂ ಆಗಲಿಲ್ಲ. ಅದಕ್ಕೆ ಮುಂಚಿನ ಖರ್ಚಿಗೆ ಅವರಪ್ಪ ಜೋಡೆತ್ತು ಮಾರಿದ್ದ.

ಬರುವಾಗ ನಾನು ಕೈ ಮುಗಿದು, "ಸಾರ್, ನೀವು ಜ್ವರದ ಸ್ಪೆಷಲಿಸ್ಟಾ?" ಎಂದೆ. ನಕ್ಕರು. "ಇಲ್ಲ ಯಜಮಾನರೇ, ನಾನಿನ್ನೂ ಎಂ.ಡಿ. ಓದುತ್ತಿರುವವನು. ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹಾಕಿದ್ದಾರೆ. ಹೋದ ತಿಂಗಳು ಇಲ್ಲೇ ಇಬ್ಬರು ಕುರಿ ಕಾಯುವವರಲ್ಲಿ ಇದನ್ನು ನೋಡಿದ್ದೆ, ಅದಕ್ಕೆ ಕಣ್ಣಿಗೆ ಬಿತ್ತು. ಜ್ವರದ ಸ್ಪೆಷಲಿಸ್ಟ್ ಆಗಬೇಕಾದರೆ ಇನ್ನೂ ದೂರ ಇದೆ." ಆ ದೂರ ಎಷ್ಟು ಎಂದು ಅಂದಿನಿಂದ ವಿಚಾರಿಸುತ್ತ ಬಂದೆ. ಎಸ್ಸೆಸ್ಸೆಲ್ಸಿ ಓದಿದ ರೈತನಿಗೆ ಇದೆಲ್ಲ ಯಾಕೆ ಎಂದು ಕೇಳಬಹುದು. ಎತ್ತು ಮಾರಿದವನು ರೈತ. ಆದ್ದರಿಂದ ಕೇಳುವ ಹಕ್ಕೂ ಅವನದೇ.

ದೂರ ಹೀಗಿದೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಆಮೇಲೆ ಜನರಲ್ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಂಥ ವಿಷಯದಲ್ಲಿ ಎಂ.ಡಿ. ಮೂರು ವರ್ಷ. ಆಮೇಲೆ ನೀಟ್-ಎಸ್‌ಎಸ್ ಎಂಬ ಅಖಿಲ ಭಾರತ ಪರೀಕ್ಷೆ. ಅದರಲ್ಲಿ ಸೀಟು ಸಿಕ್ಕರೆ ಸಾಂಕ್ರಾಮಿಕ ರೋಗಗಳ ಡಿ.ಎಂ., ಇಲ್ಲವೇ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಆರ್‌ಎನ್‌ಬಿ. ಎರಡೂ ಮೂರು ಮೂರು ವರ್ಷ. ಕೂಡಿಸಿದರೆ ಹನ್ನೊಂದೂವರೆ ವರ್ಷ, ನಡುವೆ ಒಂದು ವರ್ಷವೂ ಪೋಲಾಗದೆ ಇದ್ದರೆ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ದೊಡ್ಡ ಸಂಸ್ಥೆಗಳಲ್ಲಿ ಈ ಓದು ಇದೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಸ್ಪೆಷಲಿಸ್ಟ್ ಇರುವುದು ನಮ್ಮ ಜನಕ್ಕೆ ಗೊತ್ತು. ಜ್ವರಕ್ಕೂ ಒಬ್ಬ ಇದ್ದಾನೆ ಎಂಬುದು ಕೊರೋನಾ ಬರುವ ತನಕ ಎಷ್ಟು ಜನಕ್ಕೆ ಗೊತ್ತಿತ್ತು?

ಅಮೆರಿಕದಲ್ಲಿ ಈ ವಿಷಯಕ್ಕೆ ಬೋರ್ಡ್ ಸರ್ಟಿಫಿಕೇಟ್ ಎಂಬುದಿದೆ. ಅಲ್ಲಿ ವೈದ್ಯ ಪದವಿ ಆದಮೇಲೆ ಮೂರು ವರ್ಷ ಇಂಟರ್ನಲ್ ಮೆಡಿಸಿನ್ ಮಾಡಿ, ಅದರ ಬೋರ್ಡ್ ಪರೀಕ್ಷೆ ಪಾಸಾಗಿ, ಮತ್ತೆ ಎರಡು ವರ್ಷ ಸಾಂಕ್ರಾಮಿಕ ರೋಗಗಳಲ್ಲೇ ತರಬೇತಿ ಮುಗಿಸಬೇಕು. ಅದರಲ್ಲಿ ಕನಿಷ್ಠ ಹನ್ನೆರಡು ತಿಂಗಳು ರೋಗಿಗಳನ್ನೇ ನೋಡಿರಬೇಕು. ಆಮೇಲೆ ಇನ್ನೊಂದು ಪರೀಕ್ಷೆ. ಅಷ್ಟಕ್ಕೆ ಮುಗಿಯುವುದಿಲ್ಲ. ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇರಬೇಕಾದರೆ ಕಾಲಕಾಲಕ್ಕೆ ಮತ್ತೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತಿರಬೇಕು. ನಮ್ಮಲ್ಲಿ ಡಿ.ಎಂ. ಒಮ್ಮೆ ಬಂದರೆ ಜೀವಮಾನದ ಆಸ್ತಿ. ಕರ್ನಾಟಕದಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ 30 ಗಂಟೆಗಳ ಮುಂದುವರಿದ ಶಿಕ್ಷಣ ತೋರಿಸಬೇಕೆಂಬುದು ಇದೆ. ಅದು ಎಲ್ಲ ಡಾಕ್ಟರಿಗೂ ಒಂದೇ ನಿಯಮ, ಪರೀಕ್ಷೆಯಲ್ಲ.

ರೈತರಿಗೆ ಇದು ಹೊಸದೇನಲ್ಲ. ದೃಢೀಕೃತ ಬೀಜದ ಚೀಲಕ್ಕೆ ನೀಲಿ ಚೀಟಿ ಹೊಲಿದಿರುತ್ತಾರೆ. ಆ ಚೀಟಿಗೆ ಒಂಬತ್ತು ತಿಂಗಳ ವಾಯಿದೆ. ವಾಯಿದೆ ಮುಗಿದರೆ ಮತ್ತೆ ಪರೀಕ್ಷೆ ಮಾಡಿಸಿ, ಪಾಸಾದರೆ ಆರು ತಿಂಗಳು ಮುಂದುವರಿಸುತ್ತಾರೆ. ಬೀಜಕ್ಕೆ ಇರುವ ಶಿಸ್ತು ಡಾಕ್ಟರಿಗೆ ಬೇಡವೇ ಎಂದು ಕೇಳಿದರೆ ತಪ್ಪಾಗಲಾರದು. ಆದರೆ ನಾನು ಹೇಳಬೇಕೆಂದಿರುವುದು ವಾಯಿದೆಯ ಮಾತಲ್ಲ, ಅದಕ್ಕಿಂತ ಮುಖ್ಯವಾದ ಇನ್ನೊಂದು.

ನೀಲಿ ಚೀಟಿ ಹೇಗೆ ಬರುತ್ತದೆ? ಪ್ರಯೋಗಾಲಯದಲ್ಲಿ ಮೊಳಕೆ ಪರೀಕ್ಷೆ ಮಾಡುತ್ತಾರೆ. ಭತ್ತವಾದರೆ ನೂರಕ್ಕೆ 80, ಶೇಂಗಾ ಆದರೆ 70 ಮೊಳೆಯಬೇಕು. ಅಷ್ಟರಿಂದಲೇ ಚೀಟಿ ಕೊಡುವುದಿಲ್ಲ. ಬೆಳೆ ನಿಂತಿರುವಾಗ ಅಧಿಕಾರಿ ಹೊಲಕ್ಕೇ ಬರುತ್ತಾನೆ. ಬದುವಿನಲ್ಲಿ ನಿಲ್ಲದೆ ಸಾಲಿನೊಳಗೆ ಇಳಿಯುತ್ತಾನೆ, ಬೆರಕೆ ಗಿಡ ಎಷ್ಟು, ರೋಗ ಎಷ್ಟು, ಪಕ್ಕದ ಹೊಲ ಎಷ್ಟು ದೂರ ಎಂದು ನೋಡುತ್ತಾನೆ. ಹೊಲದ ತಪಾಸಣೆ ಇಲ್ಲದೆ ಬರೀ ಪ್ರಯೋಗಾಲಯದ ಅಂಕಿಯಿಂದ ಬೀಜ ಪ್ರಮಾಣಿತ ಆಗುವುದಿಲ್ಲ. ನಮ್ಮ ಜ್ವರದ ಡಾಕ್ಟರ ಚೀಟಿಯಲ್ಲಿ ಪ್ರಯೋಗಾಲಯದ ಭಾಗ ಗಟ್ಟಿಯಾಗಿದೆ. ಹೊಲದ ಭಾಗ ಪೊಳ್ಳಾಗಿದೆ. ನನ್ನ ತಕರಾರು ಇದೇ.

ಗೋವಾದ ಉದಾಹರಣೆಯನ್ನೇ ತೆಗೆದುಕೊಳ್ಳಿ. ವೈದ್ಯ ವಿದ್ಯೆಗೆ ಅದು ಹಳೇ ನೆಲ. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಗೋವಾದಲ್ಲಿದ್ದು ಬರೆದ ಔಷಧಿಗಳ ಗ್ರಂಥ 1563ರಲ್ಲಿ ಅಲ್ಲೇ ಅಚ್ಚಾಯಿತು. ಕಾಲರಾ ರೋಗವನ್ನೂ ಅದರಲ್ಲಿ ವಿವರಿಸಿದ್ದಾನೆ. ಆ ಪುಸ್ತಕ ಇರುವುದೇ ಪ್ರಶ್ನೆ-ಉತ್ತರದ ಮಾತುಕತೆಯ ರೂಪದಲ್ಲಿ. 1842ರಲ್ಲಿ ಅಲ್ಲಿ ವೈದ್ಯಶಾಲೆ ಶುರುವಾಯಿತು. ಈಗ ಬಾಂಬೋಲಿಯಲ್ಲಿರುವ ಗೋವಾ ಮೆಡಿಕಲ್ ಕಾಲೇಜು ಅದರದೇ ಮುಂದುವರಿಕೆ. ಕಾರವಾರದವರು, ಖಾನಾಪುರದವರು, ಆ ಕಡೆ ಸಿಂಧುದುರ್ಗದವರು ಕಷ್ಟ ಬಂದರೆ ಓಡಿಹೋಗುವ ಜಾಗ ಅದು. 2018ರ ಜನವರಿಯಲ್ಲಿ ಹೊರ ರಾಜ್ಯದವರಿಗೆ ಅಲ್ಲಿ ಶುಲ್ಕ ಜಾರಿಗೆ ಬಂತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಒಂದು ಮಾತಂತೂ ಖರೆ. ಜೇಬು ನೋಡಿಕೊಳ್ಳುವ ಕೂಲಿಯವನು ಜ್ವರ ಬಂದರೆ ಆಸ್ಪತ್ರೆಗಿಂತ ಮೊದಲು ಊರಿನ ರೈಲು ಹತ್ತುತ್ತಾನೆ. ಗೋವಾದಲ್ಲಿ ಹತ್ತಿದ ರೋಗ ಬಳ್ಳಾರಿಯಲ್ಲಿ, ಆದೋನಿಯಲ್ಲಿ, ರಾಯದುರ್ಗದಲ್ಲಿ ಹಾಸಿಗೆ ಹಿಡಿಯುತ್ತದೆ. ಅಲ್ಲಿಯ ಡಾಕ್ಟರಿಗೆ ಗೋವಾದ ಕಾಡಿನ ಸುದ್ದಿ ತಿಳಿದಿರುವುದಿಲ್ಲ.

ಆ ಕಾಡಿನ ಸುದ್ದಿ ಸಣ್ಣದಲ್ಲ. ಸ್ಕ್ರಬ್ ಟೈಫಸ್ ಗೋವಾದಲ್ಲಿದೆ ಎಂದು ಅಲ್ಲಿಯ ಮೆಡಿಕಲ್ ಕಾಲೇಜಿನ ವೈದ್ಯರೇ 2012ರಲ್ಲಿ ಬರೆದು ಪ್ರಕಟಿಸಿದ್ದಾರೆ. ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ. ಉಣ್ಣಿ ಕಚ್ಚಿ ಹರಡುವುದು, ಡಿಸೆಂಬರಿನಿಂದ ಮೇ ತನಕ ಹೆಚ್ಚು. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಸಾಯುತ್ತಾರೆ. 1983ರಲ್ಲಿ ಬೆಳ್ತಂಗಡಿಯ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಸಾವಿರಕ್ಕೂ ಹೆಚ್ಚು ಜನ ಮಲಗಿದರು. ಅದೇ ರೋಗ 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಪಾಲಿ ಗ್ರಾಮಕ್ಕೆ ಬಂತು. ಅಲ್ಲೂ ಗೇರು ತೋಟದಲ್ಲಿ ದುಡಿಯುವವರಿಗೇ ತಗುಲಿತು. ಮರುವರ್ಷ ಮಹಾರಾಷ್ಟ್ರದ ದೋಡಾಮಾರ್ಗಕ್ಕೆ ದಾಟಿತು. ಮೂರು ರಾಜ್ಯದ ಗಡಿ ಉಣ್ಣಿಗೆ ತಿಳಿಯುವುದಿಲ್ಲ.

ಈ ರೋಗಕ್ಕೆ ನೇರ ಔಷಧಿ ಇಲ್ಲ. ಬಹಳ ವರ್ಷ ಕೊಡುತ್ತಿದ್ದ ಹಳೇ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ಕರ್ನಾಟಕದಲ್ಲಿ 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಔಷಧಿಯೇ ಇಲ್ಲದ ಮೇಲೆ ಬೇಗ ಗುರುತಿಸಿ ಏನುಪಯೋಗ ಎನ್ನುವವರಿದ್ದಾರೆ. ಉಪಯೋಗ ಇದೆ. ಮೈಯಲ್ಲಿ ನೀರಿನಂಶ ಇಳಿಯದಂತೆ, ರಕ್ತಸ್ರಾವ ಆಗದಂತೆ ಕಾಯಬಹುದು. ರಕ್ತಸ್ರಾವ ಹೆಚ್ಚಿಸುವ ನೋವಿನ ಗುಳಿಗೆ ತಪ್ಪಿಸಬಹುದು. ಅದೇ ತೋಟದಲ್ಲಿ ದುಡಿಯುವ ಉಳಿದವರನ್ನು ಎಚ್ಚರಿಸಬಹುದು. ಒಬ್ಬನ ರೋಗ ಗುರುತಾದರೆ ಒಂದು ಊರೇ ಉಳಿಯುತ್ತದೆ.

2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ಆದದ್ದು ಇದೇ. ಒಂದೇ ಮನೆಯ ಎರಡನೇ ರೋಗಿ ಬಂದಾಗಲೇ ಅಲ್ಲಿಯ ವೈದ್ಯರು ಇದು ಮಾಮೂಲಿ ಜ್ವರವಲ್ಲ ಎಂದು ಅನುಮಾನಪಟ್ಟರು. ಮನೆಯವರನ್ನು ಕೂರಿಸಿ ಕೇಳಿದರು, ಮಾದರಿಯನ್ನು ನಮ್ಮ ಮಣಿಪಾಲಕ್ಕೆ ಕಳಿಸಿದರು. ನಿಪಾ ಎಂದು ಗೊತ್ತಾಯಿತು, ಪುಣೆಯ ವೈರಾಣು ಸಂಸ್ಥೆ ಖಚಿತಪಡಿಸಿತು. 17 ಜನ ತೀರಿಕೊಂಡರು, ನಿಜ. ಆದರೆ ಮುಂದಿನ ತಿಂಗಳೊಳಗೆ ಹತೋಟಿಗೆ ಬಂತು. ಅನುಮಾನ ಇನ್ನೂ ತಡವಾಗಿದ್ದರೆ ಸಾವಿನ ಲೆಕ್ಕ ಬೇರೆಯೇ ಆಗುತ್ತಿತ್ತು. ಅಲ್ಲಿ ಮೊದಲು ಬಂದದ್ದು ಅನುಮಾನ, ಯಂತ್ರ ಬಂದದ್ದು ಆಮೇಲೆ.

ಆದ್ದರಿಂದ ನನ್ನ ಮಾತು ಇಷ್ಟು. ಜ್ವರದ ಡಾಕ್ಟರ ಹನ್ನೊಂದೂವರೆ ವರ್ಷ ಹೆಚ್ಚಾಯಿತು, ಕಡಿಮೆ ಮಾಡಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಧ ಕಲಿತವರ ಕೈಗೆ ಸಿಕ್ಕು ಎತ್ತು ಮಾರಿದ ಸೀಮೆ ನಮ್ಮದು. ವರ್ಷ ಕಡಿಮೆ ಮಾಡಬೇಡಿ, ಅದರೊಳಗಿನ ಕೆಲವು ತಿಂಗಳನ್ನು ಹೊಲಕ್ಕೆ ತನ್ನಿ.

ಮೊದಲನೆಯದು, ಎಂ.ಡಿ. ಓದುವವರನ್ನು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಕಳಿಸುವ ನಿಯಮ 2020ರಲ್ಲಿ ಬಂತು, 2021ರಲ್ಲಿ ಸೇರಿದವರಿಂದ ಅನ್ವಯವಾಯಿತು. ನಮ್ಮ ಹುಡುಗನನ್ನು ಉಳಿಸಿದ್ದು ಆ ನಿಯಮವೇ. ಸಾಂಕ್ರಾಮಿಕ ರೋಗದ ಡಿ.ಎಂ. ಓದುವವರಿಗೂ ಇಂಥದ್ದು ಕಡ್ಡಾಯವಾಗಲಿ. ಸೊರಬ-ಸಾಗರ, ಸತ್ತರಿ, ದೋಡಾಮಾರ್ಗ, ವಯನಾಡಿನಂಥ ಕಡೆ ಜ್ವರದ ಕಾಲದಲ್ಲೇ ನಾಲ್ಕಾರು ತಿಂಗಳು ಕೂತು ರೋಗಿಗಳನ್ನು ನೋಡಲಿ. ಬೆಳೆ ಕೊಯ್ದ ಮೇಲೆ ಹೊಲದ ತಪಾಸಣೆಗೆ ಬಂದರೆ ಏನು ಪ್ರಯೋಜನ?

ಎರಡನೆಯದು, ಅಂತಿಮ ಪರೀಕ್ಷೆಯಲ್ಲಿ ಮೂರು ಪ್ರಶ್ನೆಗೆ ಅಂಕ ಇಡಲಿ. ಆ ಪ್ರಶ್ನೆಗಳನ್ನು ಕೇಳುವವನು ಪರೀಕ್ಷಕ ಅಲ್ಲ, ಪರೀಕ್ಷೆಗೆ ಕೂತ ಡಾಕ್ಟರೇ ರೋಗಿಗೆ ಕೇಳಬೇಕು. ಎಲ್ಲಿ ದುಡಿಯುತ್ತಿದ್ದೆ? ಏನು ಕೆಲಸ? ಯಾವಾಗ ಅಲ್ಲಿಂದ ಬಂದೆ? ರೋಗಿಯ ಭಾಷೆಯಲ್ಲಿ ಕೇಳಬೇಕು, ಬಾರದಿದ್ದರೆ ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಬೇಕು. ಆಮೇಲೆ ಅಂಗಿ ಬಿಚ್ಚಿಸಿ ಮೈ ನೋಡಬೇಕು. ಕನ್ನಡ ಸೀಮೆಯಲ್ಲಿ ಕೊಂಕಣಿ ಬಾರದು, ಕೊಂಕಣಿ ಸೀಮೆಯಲ್ಲಿ ತೆಲುಗು ಬಾರದು ಎಂದು ರೋಗಿಯ ಅರ್ಧ ಕಥೆ ಕಾಗದಕ್ಕೆ ಇಳಿಯುವುದೇ ಇಲ್ಲ. ನಾನು ಎರಡು ಭಾಷೆಯಲ್ಲಿ ನಾಲ್ಕು ಸಾಲು ಬರೆಯುವವನು. ಒಂದು ಭಾಷೆಯ ನೋವು ಇನ್ನೊಂದಕ್ಕೆ ದಾಟುವಾಗ ಎಷ್ಟು ಸೋರುತ್ತದೆ ಎಂಬುದು ನನಗೆ ಗೊತ್ತು. ಕವಿತೆಯಲ್ಲಿ ಸೋರಿದರೆ ಒಂದು ಸಾಲು ಹೋದೀತು, ಆಸ್ಪತ್ರೆಯಲ್ಲಿ ಸೋರಿದರೆ ಜೀವ ಹೋಗುತ್ತದೆ.

ಮೂರನೆಯದು ಗೋವಾ ಸರ್ಕಾರಕ್ಕೆ ವಿನಂತಿ. ಕಟ್ಟಡ ಕೂಲಿಯವರು ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ ಆರೋಗ್ಯ ಕಾರ್ಡ್ ಇಟ್ಟುಕೊಳ್ಳಬೇಕೆಂಬ ನಿಯಮ ಅಲ್ಲಿದೆ. ಒಳ್ಳೆಯ ನಿಯಮ. ನಮ್ಮವರಿಂದ ರೋಗ ಗೋವಾಕ್ಕೆ ಹರಡದಿರಲಿ ಎಂದು ಮಾಡಿದ್ದು. ಅದೇ ಕಾರ್ಡಿನ ಹಿಂಬದಿಯಲ್ಲಿ ಗೋವಾದಿಂದ ರೋಗ ಹೊತ್ತು ಹೋಗುವ ನಮ್ಮವರಿಗೂ ನಾಲ್ಕು ಸಾಲು ಜಾಗ ಕೊಡಲಿ. ಯಾವ ತಾಲ್ಲೂಕಿನಲ್ಲಿ ದುಡಿದ, ಏನು ಕೆಲಸ ಮಾಡಿದ, ಯಾವ ದಿನ ಹೊರಟ, ಮಾತಾಡುವ ಭಾಷೆ ಯಾವುದು. ಇಂಗ್ಲಿಷ್ ಜೊತೆ ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚು ಹಾಕಿಸಲಿ. ಊರಿಗೆ ಬಂದು ಮಲಗಿದಾಗ ಆ ಕಾರ್ಡೇ ಅವನ ಪರವಾಗಿ ಮಾತಾಡುತ್ತದೆ. ಇದಕ್ಕೆ ಎಷ್ಟು ಖರ್ಚಾದೀತು?

ಜ್ವರದ ಸ್ಪೆಷಲಿಸ್ಟ್ ನಮ್ಮ ತಾಲ್ಲೂಕಿಗೆ ಎಂದು ಬಂದಾನು, ಇದೆಲ್ಲ ದೊಡ್ಡೂರಿನ ಮಾತು ಎಂದು ವ್ಯಾಪಾರಿ ಗೆಳೆಯರೊಬ್ಬರು ನನ್ನೊಡನೆ ವಾದ ಮಾಡಿದರು. ಅವರ ಮಾತಿನಲ್ಲಿ ಹುರುಳಿದೆ. ಪ್ರತಿ ತಾಲ್ಲೂಕಿಗೆ ಒಬ್ಬ ಬರುವುದಿಲ್ಲ, ನಮ್ಮ ಕಾಲಕ್ಕಂತೂ ಇಲ್ಲ. ಆದರೆ ಬಾಂಬೋಲಿಯಲ್ಲಿ ಒಬ್ಬ, ಬಳ್ಳಾರಿಯಲ್ಲಿ ಒಬ್ಬ, ಅನಂತಪುರದಲ್ಲಿ ಒಬ್ಬ ಹೊಲ ನೋಡಿದ ಡಾಕ್ಟರು ಮೆಡಿಕಲ್ ಕಾಲೇಜಿನಲ್ಲಿ ಕೂತರೆ ವರ್ಷ ವರ್ಷ ಎಂ.ಬಿ.ಬಿ.ಎಸ್. ಹುಡುಗರಿಗೆ ಆ ಮೂರು ಪ್ರಶ್ನೆ ಕಲಿಸುತ್ತಾರೆ. ಅನುಮಾನ ಬಂದ ತಾಲ್ಲೂಕಿನ ಡಾಕ್ಟರು ಒಂದು ಫೋನು ಮಾಡಿ ಕೇಳಬಹುದು. ಬೀಜ ಒಂದು ಪಾವು ಇದ್ದರೂ ಸಾಕು, ಒಳ್ಳೇದಾಗಿದ್ದರೆ ಹೊಲ ತುಂಬುತ್ತದೆ.

ಇನ್ನು ನಮ್ಮ ಪಾಲಿನ ಕೆಲಸವೂ ಇದೆ. ಎಲ್ಲಾ ಸರ್ಕಾರವೇ ಮಾಡಲಿ ಎಂದರೆ ಆಗುವುದಿಲ್ಲ. ಜ್ವರ ಬಂದು ಡಾಕ್ಟರ ಎದುರು ಕೂತಾಗ ಅವರು ಕೇಳದಿದ್ದರೂ ನಾವೇ ಹೇಳೋಣ: ಸ್ವಾಮಿ, ಗೋವಾದಿಂದ ಬಂದು ಇಷ್ಟು ದಿನ ಆಯಿತು, ಕಾಡಿನಂಚಿನಲ್ಲಿ ಕೆಲಸ ಮಾಡಿದ್ದೆ, ಇಲ್ಲೊಂದು ಕರಿ ಕಲೆ ಇದೆ ನೋಡಿ. ನಾಚಿಕೆ ಬೇಡ. ಹಳೇ ಚೀಟಿ ಬಿಸಾಡಬೇಡಿ. ಹೋದ ಕೂಡಲೇ ಸೂಜಿ ಚುಚ್ಚಿಸಿಕೊಂಡರೇ ಸಮಾಧಾನ ಎಂಬ ಚಾಳಿ ಬಿಡೋಣ. ಮೂರು ದಿನಕ್ಕೆ ಇಳಿಯದ ಜ್ವರವನ್ನು ಸರ್ಕಾರಿ ಆಸ್ಪತ್ರೆಗೆ ತೋರಿಸೋಣ. ಗೋವಾಕ್ಕೆ ಜನ ಕಳಿಸುವ ಮೇಸ್ತ್ರಿಗಳು ಈ ನಾಲ್ಕು ಮಾತನ್ನು ರೈಲು ಹತ್ತಿಸುವಾಗಲೇ ಹೇಳಿದರೆ ಪುಣ್ಯ ಬರುತ್ತದೆ.

ಆ ಹುಡುಗ ಈಗಲೂ ಗೋವಾಕ್ಕೆ ಹೋಗುತ್ತಾನೆ. ಮಾರಿದ ಎತ್ತು ಮತ್ತೆ ಕೊಳ್ಳಬೇಕಲ್ಲ. ಹೋದ ಸಲ ಹೊರಡುವಾಗ, "ಮಾವಾ, ಕಾರ್ಡು ಜೇಬಿನಾಗ ಐತಿ" ಎಂದು ಮುಟ್ಟಿ ತೋರಿಸಿದ. ತಿರುಗಿಸಿ ನೋಡಿದೆ. ಹಿಂಬದಿ ಖಾಲಿ ಇತ್ತು. ಸಣ್ಣ ಅಕ್ಷರದಲ್ಲಿ ಅವನ ಊರು, ಭಾಷೆ, ಕೆಲಸ ಮೂರನ್ನೂ ನಾನೇ ಪೆನ್ನಿನಲ್ಲಿ ಬರೆದು ಕೊಟ್ಟೆ. ಒಬ್ಬನಿಗೆ ನಾನು ಬರೆದುಕೊಡಬಲ್ಲೆ. ಉಳಿದ ಬೋಗಿಯವರಿಗೆ ಬರೆದುಕೊಡುವುದು ಸರ್ಕಾರದ ಕೆಲಸ.